ಖಂಡಾಂತರ ಕಪ್ ಫೈನಲ್ ಮತ್ತೆ ಎರಡು ಊರುಗಳಲ್ಲಿ ನಡೆಯಬೇಕೇ?

ಹಳೆಯ ಸ್ಕೋರ್‌ಕಾರ್ಡ್:

2024ರ ಡಿಸೆಂಬರ್ 18ರ ರಾತ್ರಿ ನಿದ್ದೆಗೆಟ್ಟು ರಿಯಲ್ ಮ್ಯಾಡ್ರಿಡ್ ಮತ್ತು ಮೆಕ್ಸಿಕೊದ ಪಚೂಕಾ ನಡುವಿನ ಖಂಡಾಂತರ ಕಪ್ ಫೈನಲ್ ನೋಡಿದ್ದೆ. ಕತಾರಿನ ಲುಸೈಲ್ ಕ್ರೀಡಾಂಗಣ. ಎಂಬಪೆ, ರೋಡ್ರಿಗೊ, ವಿನೀಶಿಯಸ್ ತಲಾ ಒಂದು ಗೋಲು ಹೊಡೆದರು, 3–0. ಮುಗಿದ ಮೇಲೆ ಗುರುತಿಲ್ಲದವರ ಮದುವೆಯಲ್ಲಿ ಊಟ ಮಾಡಿ ಬಂದ ಹಾಗಾಯಿತು. ಊಟಕ್ಕೇನೂ ಕೊರತೆ ಇರಲಿಲ್ಲ, ಆದರೆ ಗಂಡಿನ ಕಡೆಯವರಾರು, ಹೆಣ್ಣಿನ ಕಡೆಯವರಾರು ಎಂದೇ ತಿಳಿಯಲಿಲ್ಲ.

ಈ ಕಪ್ಪಿನ ಹೆಸರು ಹಳೆಯದು. 1960ರಲ್ಲಿ ಅದು ಶುರುವಾದಾಗ ಯುರೋಪಿನ ಚಾಂಪಿಯನ್ ಕ್ಲಬ್ಬು ದಕ್ಷಿಣ ಅಮೆರಿಕಕ್ಕೆ ಹೋಗಬೇಕಿತ್ತು, ಅಲ್ಲಿನ ಚಾಂಪಿಯನ್ ಕ್ಲಬ್ಬು ಯುರೋಪಿಗೆ ಬರಬೇಕಿತ್ತು. ಮೊದಲ ಸಲ ಜುಲೈ 3ರಂದು ಮೊಂಟೆವಿಡಿಯೊದ ಮಳೆಯಲ್ಲಿ ಉರುಗ್ವೆಯ ಪೆನ್ಯಾರೋಲ್ ಮತ್ತು ರಿಯಲ್ ಮ್ಯಾಡ್ರಿಡ್ 0–0. ಎರಡು ತಿಂಗಳ ನಂತರ, ಸೆಪ್ಟೆಂಬರ್ 4ರಂದು, ಮ್ಯಾಡ್ರಿಡ್‌ನಲ್ಲಿ ಮೊದಲ ಹತ್ತು ನಿಮಿಷ ಕಳೆಯುವ ಮೊದಲೇ ಪುಷ್ಕಾಶ್ ಮತ್ತು ಡಿ ಸ್ಟೆಫಾನೊ ಸೇರಿ ಮೂರು ಗೋಲು ಹೊಡೆದಿದ್ದರು. ಕೊನೆಗೆ 5–1. ಅದೇ ತಂಡ ಕೆಸರಿನಲ್ಲಿ ಒಂದೂ ಗೋಲು ಹೊಡೆಯಲಾರದೆ ಹಿಂತಿರುಗಿತ್ತು ಎನ್ನುವುದು ಗೊತ್ತಿದ್ದರೆ ಮಾತ್ರ ಆ ಐದು ಗೋಲುಗಳಿಗೆ ಬೆಲೆ.

ಪಚೂಕಾ ನಗರ ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಎತ್ತರದಲ್ಲಿದೆ. ಎಂಬಪೆ ಅಲ್ಲಿ ಎಪ್ಪತ್ತನೇ ನಿಮಿಷದಲ್ಲಿ ಹೇಗೆ ಓಡುತ್ತಿದ್ದರು ಎಂದು ನೋಡುವ ಆಸೆ ನನಗೆ. ನಿಮಗೆ?

ಬಲಪಾರ್ಶ್ವ:

ಆಸೆ ಒಳ್ಳೆಯದೇ, ಸರ್. ಆದರೆ ನೀವು 1960ರ ಪುಟವನ್ನು ಓದಿ ಪುಸ್ತಕ ಮುಚ್ಚಿದ್ದೀರಿ. ಮುಂದಿನ ಪುಟಗಳಲ್ಲಿ ರಕ್ತವಿದೆ.

1967ರಲ್ಲಿ ಸ್ಕಾಟ್ಲೆಂಡಿನ ಸೆಲ್ಟಿಕ್ ಮತ್ತು ಅರ್ಜೆಂಟೀನದ ರೇಸಿಂಗ್ ನಡುವಿನ ಮೂರನೇ ಪಂದ್ಯದಲ್ಲಿ ಆರು ಮಂದಿಯನ್ನು ಹೊರಗೆ ಕಳುಹಿಸಲಾಯಿತು. 1968ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ನಾಬಿ ಸ್ಟೈಲ್ಸ್, ಓಲ್ಡ್ ಟ್ರಾಫರ್ಡ್‌ನಲ್ಲಿ ಜಾರ್ಜ್ ಬೆಸ್ಟ್ ಮತ್ತು ಅರ್ಜೆಂಟೀನದ ಎಸ್ಟುಡಿಯಾಂಟೆಸ್‌ನ ಮೆದಿನಾ ಹೊರನಡೆದರು. 1969ರಲ್ಲಿ ಎಸ್ಟುಡಿಯಾಂಟೆಸ್ ಅರ್ಜೆಂಟೀನದಲ್ಲಿ ಮಿಲಾನ್ ವಿರುದ್ಧ ಆಡಿದ್ದಂತೂ ಆಟವೇ ಅಲ್ಲ. ಮಿಲಾನ್‌ನ ನೆಸ್ತೊರ್ ಕೊಂಬಿನ್ ಅರ್ಜೆಂಟೀನದಲ್ಲಿ ಹುಟ್ಟಿ ಫ್ರಾನ್ಸ್ ಪರ ಆಡಿದವರು. ಅವರ ಮುಖವನ್ನು ಜಜ್ಜಿದರು, ಅಂಗಿಯೆಲ್ಲ ರಕ್ತವಾಯಿತು. ಅದು ಸಾಲದೆಂಬಂತೆ, ಕಡ್ಡಾಯ ಸೈನಿಕ ಸೇವೆಯನ್ನು ತಪ್ಪಿಸಿಕೊಂಡವನೆಂದು ಪೊಲೀಸರು ಬಂಧಿಸಿದರು! ಪೆಟ್ಟು ತಿಂದವನಿಗೇ ಬೇಡಿ. ಹೊಡೆದ ಕಡೆಯವರನ್ನೂ ಬಿಡಲಿಲ್ಲ ಅನ್ನಿ. ಆಗ ಅರ್ಜೆಂಟೀನವನ್ನು ಆಳುತ್ತಿದ್ದ ಜನರಲ್ ಒಂಗಾನಿಯಾ ಅವರ ಸರ್ಕಾರ ಎಸ್ಟುಡಿಯಾಂಟೆಸ್‌ನ ಪೊಲೆಟ್ಟಿ, ಅಗಿರ್ರೆ ಸುವಾರೆಸ್ ಮತ್ತು ಮನೇರಾ ಮೂವರನ್ನೂ ಜೈಲಿಗೆ ಹಾಕಿತು. ಗೋಲ್‌ಕೀಪರ್ ಪೊಲೆಟ್ಟಿಗೆ ಆಜೀವ ನಿಷೇಧ ಬಿತ್ತು.

ಇವೆಲ್ಲಕ್ಕೂ ಕಾರಣ ತವರು ಅಂಗಳ. ಮನೆಯಲ್ಲಿ ಹುಲಿಯಾಗುವ ಅವಕಾಶ ಕೊಟ್ಟರೆ ಹುಲಿ ಕಚ್ಚುತ್ತದೆ. ಅದಕ್ಕೇ 1980ರ ಆವೃತ್ತಿಯಿಂದ ಟೋಕಿಯೊಗೆ ಒಯ್ದರು, ಒಂದೇ ಪಂದ್ಯ ಮಾಡಿದರು. ಸರಿಯಾಗಿಯೇ ಮಾಡಿದರು.

ಕುಟುಕು:

ಆಗ ಇನ್ನೂ ಕೆಂಪು ಕಾರ್ಡ್ ಇರಲಿಲ್ಲ. ಅದು ಬಂದಿದ್ದು 1970ರ ವಿಶ್ವಕಪ್ಪಿನಲ್ಲಿ. 1967ರ ರೆಫರಿ ಆರು ಮಂದಿಯನ್ನೂ ಕೈಸನ್ನೆಯಲ್ಲೇ ಓಡಿಸಬೇಕಾಗಿತ್ತು, ಪಾಪ.

ಗ್ಲಾಸ್ಗೋ ಮಳೆ:

ಓಡಿಸಿದ್ದು ಆರು ಮಂದಿಯನ್ನು, ಓಡಿದ್ದು ಐದೇ ಮಂದಿ. ಸೆಲ್ಟಿಕ್‌ನ ಬರ್ಟಿ ಆಲ್ಡ್ ಹೊರಗೆ ಹೋಗಲು ಒಪ್ಪಲಿಲ್ಲ, ಪಂದ್ಯ ಮುಗಿಯುವವರೆಗೂ ಮೈದಾನದಲ್ಲೇ ಇದ್ದರು.

ನಾನು ಓದಲು ಬಂದು ಐದು ವರ್ಷಗಳಿಂದ ಗ್ಲಾಸ್ಗೋದಲ್ಲೇ ಇದ್ದೇನೆ, ಮೂಲತಃ ಹಾಸನದ ಕಡೆಯವಳು. ನಾನು ಬಾಡಿಗೆಗಿರುವ ಮನೆಯ ಕೆಳಗಿನ ಅಂತಸ್ತಿನಲ್ಲಿ ಎಂಬತ್ತು ದಾಟಿದ ಅಜ್ಜ ಒಬ್ಬರಿದ್ದಾರೆ. 1967ರ ಅಕ್ಟೋಬರ್ 18ರಂದು ಹ್ಯಾಂಪ್ಡನ್ ಪಾರ್ಕ್‌ನಲ್ಲಿದ್ದವರು. ಮಾತಿಗೆ ಕುಳಿತರೆ ಟೀ ಆರಿಹೋಗುವ ತನಕ ಬಿಡುವುದಿಲ್ಲ. ಅವರಿಂದ ಕೇಳಿದ್ದನ್ನು, ಆಮೇಲೆ ನಾನೇ ಹುಡುಕಿ ಓದಿದ್ದರೊಂದಿಗೆ ತಾಳೆ ನೋಡಿ, ಬರೆಯುತ್ತಿದ್ದೇನೆ.

ಆ ವರ್ಷ ಮೇ 25ರಂದು ಲಿಸ್ಬನ್‌ನಲ್ಲಿ ಇಂಟರ್ ಮಿಲಾನನ್ನು 2–1ರಿಂದ ಸೋಲಿಸಿ ಯುರೋಪಿನ ಚಾಂಪಿಯನ್ ಆದ ತಂಡ ಅದು. ಆಟಗಾರರೆಲ್ಲ ಸೆಲ್ಟಿಕ್ ಮೈದಾನದಿಂದ ಸುಮಾರು 30 ಮೈಲಿಯೊಳಗೆ ಹುಟ್ಟಿದವರು. ನಮ್ಮಲ್ಲಿ ಒಂದು ಜಿಲ್ಲೆಯ ಹುಡುಗರೇ ಸೇರಿ ಇಡೀ ಖಂಡವನ್ನು ಗೆದ್ದ ಲೆಕ್ಕ. ಹ್ಯಾಂಪ್ಡನ್‌ನಲ್ಲಿ ನಾಯಕ ಬಿಲ್ಲಿ ಮೆಕ್‌ನೀಲ್ ಹೆಡರ್ ಹೊಡೆದು 1–0 ಮಾಡಿದರು. ನವೆಂಬರ್ 1ರಂದು ಎರಡನೇ ಪಂದ್ಯಕ್ಕೆ ರೇಸಿಂಗ್‌ನ ಊರಾದ ಅವೆಲ್ಯಾನೆಡಾಕ್ಕೆ ಹೋದಾಗ, ಪಂದ್ಯ ಶುರುವಾಗುವ ಮೊದಲೇ ಗೋಲ್‌ಕೀಪರ್ ರಾನಿ ಸಿಂಪ್ಸನ್ ಅವರ ತಲೆಗೆ ಯಾರೋ ಎಸೆದ ವಸ್ತು ಬಡಿಯಿತು. ಜಾನ್ ಫಾಲನ್ ಬದಲಿಗೆ ಇಳಿದರು. ಜೆಮ್ಮೆಲ್ ಪೆನಾಲ್ಟಿಯಲ್ಲಿ ಗೋಲು ಹೊಡೆದರೂ ರೇಸಿಂಗ್ 2–1ರಿಂದ ಗೆದ್ದಿತು. ಅಲ್ಲಿಗೆ ಒಂದೊಂದು ಗೆಲುವು.

ಸೆಲ್ಟಿಕ್‌ನ ಅಧ್ಯಕ್ಷರಿಗೆ ಮೂರನೇ ಪಂದ್ಯ ಆಡುವ ಮನಸ್ಸಿರಲಿಲ್ಲ. ತರಬೇತುದಾರ ಜಾಕ್ ಸ್ಟೀನ್ ಆಡಿಯೇ ತೀರಬೇಕೆಂದರು. ನವೆಂಬರ್ 4ರಂದು ಮೊಂಟೆವಿಡಿಯೊದ ಸೆಂಟೆನಾರಿಯೊ ಕ್ರೀಡಾಂಗಣ. ರೆಫರಿ ಪರಾಗ್ವೆಯವರು. ಸೆಲ್ಟಿಕ್‌ನ ನಾಲ್ವರು, ರೇಸಿಂಗ್‌ನ ಇಬ್ಬರು ಹೊರಗೆ. ನಡುವೆ ರೇಸಿಂಗ್‌ನ ಕಾರ್ದೆನಾಸ್ ದೂರದಿಂದ ಹೊಡೆದ ಗೋಲು ಎಷ್ಟು ಚೆಂದವಿತ್ತೆಂದರೆ, ಅಜ್ಜ ಈಗಲೂ ಅದನ್ನು ಬೈಯುತ್ತಲೇ ಹೊಗಳುತ್ತಾರೆ. 1–0. ಊರಿಗೆ ಮರಳಿದ ಮೇಲೆ ಸೆಲ್ಟಿಕ್ ತನ್ನ ಆಟಗಾರರಿಗೇ ತಲಾ 250 ಪೌಂಡ್ ದಂಡ ಹಾಕಿತು.

ನಾನು ಬಲಪಾರ್ಶ್ವ ಅವರ ಪಕ್ಷವೋ ಸ್ಕೋರ್‌ಕಾರ್ಡ್ ಅವರ ಪಕ್ಷವೋ ಗೊತ್ತಿಲ್ಲ. ಒಂದು ಮಾತನ್ನಂತೂ ಹೇಳಬೇಕು. ಆರು ಮಂದಿ ಹೊರಹೋದ ಪಂದ್ಯ ಯಾರ ತವರು ಅಂಗಳದಲ್ಲೂ ನಡೆದಿರಲಿಲ್ಲ. ಅದು ಮೂರನೆಯ ದೇಶ.

ಬಲಪಾರ್ಶ್ವ:

ಮೂರನೆಯ ದೇಶ ನಿಜ. ಆದರೆ ಬ್ಯೂನಸ್ ಐರಿಸ್‌ನಿಂದ ನದಿ ದಾಟಿದರೆ ಮೊಂಟೆವಿಡಿಯೊ. ರೇಸಿಂಗ್ ಬೆಂಬಲಿಗರು ದೋಣಿ ಹತ್ತಿದರಾಯಿತು, ಸೆಲ್ಟಿಕ್ ಬೆಂಬಲಿಗರು ಸಾಗರವನ್ನೇ ದಾಟಬೇಕು. ಅದನ್ನು ತಟಸ್ಥ ಅಂಗಳ ಎನ್ನುವುದಾದರೆ ನಮ್ಮೂರಿನ ಪಕ್ಕದ ಹಳ್ಳಿಯೂ ತಟಸ್ಥವೇ.

ಮೂರನೇ ಪಂದ್ಯ:

ಇಲ್ಲೇ ಎಲ್ಲರೂ ಎಡವುವುದು. ತಪ್ಪು ಎರಡು ಪಂದ್ಯಗಳದ್ದಲ್ಲ, ಮೂರನೆಯದ್ದು. (ನನ್ನ ಹೆಸರು ನೋಡಿ ನಗಬೇಡಿ, ಈ ವಿಷಯಕ್ಕೆಂದೇ ಇಟ್ಟುಕೊಂಡದ್ದು.)

ಮೊದಲ ವರ್ಷಗಳ ನಿಯಮ ಇಂದಿನ ಹಾಗಿರಲಿಲ್ಲ. ಎರಡೂ ಪಂದ್ಯಗಳ ಗೋಲುಗಳನ್ನು ಕೂಡುತ್ತಿರಲಿಲ್ಲ. ಗೆಲುವಿಗೆ ಅಂಕ, ಅಷ್ಟೇ. ಒಬ್ಬರು ಒಂದು ಗೆದ್ದು ಇನ್ನೊಬ್ಬರು ಒಂದು ಗೆದ್ದರೆ ಮತ್ತೆ ಆಡಬೇಕು. 1961ನ್ನು ನೋಡಿ. ಲಿಸ್ಬನ್‌ನಲ್ಲಿ ಬೆನ್ಫಿಕಾ 1–0, ಮೊಂಟೆವಿಡಿಯೊದಲ್ಲಿ ಪೆನ್ಯಾರೋಲ್ 5–0. ಯಾವ ಲೆಕ್ಕದ ಮೇಷ್ಟ್ರನ್ನು ಕೇಳಿದರೂ ಪೆನ್ಯಾರೋಲ್ ಗೆದ್ದಿತು ಎನ್ನುತ್ತಾರೆ. ಆದರೂ ಎರಡು ದಿನ ಬಿಟ್ಟು, ಸೆಪ್ಟೆಂಬರ್ 19ರಂದು, ಅದೇ ಊರಿನಲ್ಲಿ ಇನ್ನೊಂದು ಪಂದ್ಯ! ಅದಕ್ಕೆಂದೇ ಬೆನ್ಫಿಕಾ 19 ವರ್ಷದ ಹುಡುಗನೊಬ್ಬನನ್ನು ವಿಮಾನದಲ್ಲಿ ಕರೆಸಿಕೊಂಡಿತು. ಇಳಿದ, ಆಡಿದ, ಗೋಲನ್ನೂ ಹೊಡೆದ. ಯುಸೇಬಿಯೊ. ಆದರೂ ಸಾಸಿಯಾ ಅವರ ಎರಡು ಗೋಲುಗಳಿಂದ ಪೆನ್ಯಾರೋಲ್ 2–1.

ಈಗ ಯೋಚಿಸಿ. ಎರಡನೇ ಪಂದ್ಯ ಯಾರ ಮನೆಯಲ್ಲೋ ಮೂರನೆಯದೂ ಅಲ್ಲೇ ಅಥವಾ ಪಕ್ಕದಲ್ಲೇ. ಅಂದಮೇಲೆ ಮೊದಲ ಪಂದ್ಯದಲ್ಲಿ ಎಷ್ಟೇ ಹೀನಾಯವಾಗಿ ಸೋತರೂ ಪರವಾಗಿಲ್ಲ. ಮನೆಯಲ್ಲಿ ಹೇಗಾದರೂ ಒಂದು ಗೋಲಿನಿಂದ ಗೆದ್ದರೆ ಇನ್ನೊಂದು ಅವಕಾಶ ಖಚಿತ. ಈ ‘ಹೇಗಾದರೂ’ ಎನ್ನುವುದರಲ್ಲೇ ಒದೆತ, ಉಗುಳು, ಕಲ್ಲು ಎಲ್ಲವೂ ಬಂದವು. ಗೋಲುಗಳನ್ನು ಕೂಡಿದ್ದರೆ ಒದೆಯುವುದಕ್ಕಿಂತ ಗೋಲು ಹೊಡೆಯುವುದೇ ಹೆಚ್ಚು ಲಾಭದಾಯಕ ಎಂದು ತಿಳಿಯುತ್ತಿತ್ತು.

ಬಲಪಾರ್ಶ್ವ:

ವಾದ ಚೆನ್ನಾಗಿದೆ, ಆದರೆ ಲೆಕ್ಕ ಪೂರ್ತಿ ಕೂಡುವುದಿಲ್ಲ. ಮೂರನೇ ಪಂದ್ಯ ನಡೆದದ್ದು ನಾಲ್ಕೇ ಸಲ: 1961, 1963, 1964, 1967. ಇವುಗಳಲ್ಲಿ 1963ರಲ್ಲಿ ಮಿಲಾನ್ 4–2, ಬ್ರೆಜಿಲಿನ ಸಾಂಟೋಸ್ 4–2. 1967ರಲ್ಲಿ 1–0, 1–2. ಎರಡರಲ್ಲೂ ಗೋಲುಗಳನ್ನು ಕೂಡಿದರೂ ಸಮವೇ ಬರುತ್ತದೆ. ನೀವು ಹೇಳಿದ ನಿಯಮವಿದ್ದಿದ್ದರೂ ಸೆಲ್ಟಿಕ್‌ನವರು ಮೊಂಟೆವಿಡಿಯೊಗೆ ಹೋಗಲೇಬೇಕಿತ್ತು.

ಇನ್ನು 1969. ಆ ಹೊತ್ತಿಗೆ ಗೋಲುಗಳನ್ನು ಕೂಡುವ ನಿಯಮ ಬಂದಾಗಿತ್ತು. ಮಿಲಾನ್ ತವರಿನಲ್ಲಿ 3–0 ಗೆದ್ದು, ಅಲ್ಲಿ 1–2 ಸೋತು, 4–2ರ ಲೆಕ್ಕದಲ್ಲಿ ಕಪ್ ಪಡೆಯಿತು. ಕೊಂಬಿನ್ ಮುಖ ಒಡೆದದ್ದು ನಿಮ್ಮ ಒಳ್ಳೆಯ ನಿಯಮದ ಅಡಿಯಲ್ಲೇ.

ಮೂರನೇ ಪಂದ್ಯ:

ಒಪ್ಪಿದೆ. 1963, 1967ರ ಲೆಕ್ಕದಲ್ಲಿ ನೀವು ಹೇಳಿದ್ದೇ ಸರಿ. 1969ಕ್ಕೆ ನನ್ನಲ್ಲಿ ಉತ್ತರವಿಲ್ಲ. ಅಂದು ಆ ತಂಡ ಆಟವನ್ನು ಬಿಟ್ಟು ಬೇರೇನನ್ನೋ ಆಡಲು ಬಂದಿತ್ತು.

ಆದರೆ ಪೆನಾಲ್ಟಿ ಶೂಟೌಟ್ ಎಂಬುದು ಆಗಿನ್ನೂ ಇರಲಿಲ್ಲವೆಂಬುದನ್ನು ಮರೆಯಬೇಡಿ. ಇದ್ದಿದ್ದರೆ ಅವೆಲ್ಯಾನೆಡಾದಲ್ಲೇ ಹತ್ತು ಒದೆತಗಳಲ್ಲಿ ಮುಗಿಯುತ್ತಿತ್ತು. 1964ರದ್ದನ್ನೂ ನೋಡಿ. ಅರ್ಜೆಂಟೀನದ ಇಂಡಿಪೆಂಡಿಯೆಂಟೆ ತವರಿನಲ್ಲಿ 1–0, ಇಂಟರ್ ತನ್ನ ಊರು ಮಿಲಾನ್‌ನಲ್ಲಿ 2–0, ಮೂರನೆಯದಕ್ಕೆ ಮ್ಯಾಡ್ರಿಡ್‌ನ ಬೆರ್ನಬೇವುಗೆ ಹೋದರು. ಹೆಚ್ಚುವರಿ ಸಮಯದಲ್ಲಿ ಕೊರ್ಸೊ ಗೋಲು, ಇಂಟರ್ ಗೆಲುವು. ಮುಂದಿನ ವರ್ಷ ಅದೇ ಎರಡು ತಂಡಗಳು ಮತ್ತೆ ಎದುರಾದವು.

ಗೌತಮಪುರದವ:

ತಡವಾಗಿ ಬಂದೆ, ಕ್ಷಮಿಸಿ. ಒದೆತದ ಮಾತೇ ಆಯಿತಲ್ಲ, ಆಟದ ಮಾತೂ ಸ್ವಲ್ಪ ಆಗಲಿ.

ಬೆಂಗಳೂರಿನ ಹಲಸೂರಿನ ಹತ್ತಿರ ನಮ್ಮ ಗೌತಮಪುರದಲ್ಲಿ ಪೆಲೆಯವರ ಪ್ರತಿಮೆ ಇದೆ. ಅಂಬೇಡ್ಕರ್, ಬುದ್ಧ, ಮದರ್ ತೆರೆಸಾ ಅವರ ಜೊತೆಯಲ್ಲಿ ಚೆಂಡು ಹಿಡಿದ ಪೆಲೆ. ಹೊರಗಿನವರಿಗೆ ವಿಚಿತ್ರವೆನಿಸಬಹುದು, ನಮಗಲ್ಲ. ನಾನು ಚಿಕ್ಕವನಿದ್ದಾಗ ಬೀದಿಯ ಹಿರಿಯರು 1962ರ ಲಿಸ್ಬನ್ ಪಂದ್ಯವನ್ನು ತಾವೇ ಕಂಡವರಂತೆ ಹೇಳುತ್ತಿದ್ದರು. ಕಂಡಿರಲಿಲ್ಲ, ಆ ಮಾತು ಬೇರೆ.

ಮೊದಲ ಪಂದ್ಯ ರಿಯೊದ ಮರಕಾನಾದಲ್ಲಿ, ಸಾಂಟೋಸ್ 3–2. ಒಂದೇ ಗೋಲಿನ ಅಂತರ. ಬೆನ್ಫಿಕಾ ಎರಡು ಸಲ ಯುರೋಪನ್ನು ಗೆದ್ದಿದ್ದ ತಂಡ, ಲಿಸ್ಬನ್‌ನಲ್ಲಿ ನೋಡಿಕೊಳ್ಳೋಣ ಎಂದುಕೊಂಡಿದ್ದರೆ ತಪ್ಪೇನಿಲ್ಲ. ಅಕ್ಟೋಬರ್ 11ರ ರಾತ್ರಿ ಪೆಲೆ ಮೂರು ಗೋಲು ಹೊಡೆದರು, ಕುಟೀನ್ಯೊ ಒಂದು, ಪೆಪೆ ಒಂದು. ಐದು–ಸೊನ್ನೆ! ಆಮೇಲೆ ಕೊನೆಯ ನಿಮಿಷಗಳಲ್ಲಿ ಯುಸೇಬಿಯೊ ಮತ್ತು ಸಿಮೋಯಿಸ್ ಎರಡನ್ನು ಹಿಂದಿರುಗಿಸಿದರು. ಇದೇ ಆಟ ಟೋಕಿಯೊದಲ್ಲಿ ನಡೆದಿದ್ದರೆ ‘ಒಳ್ಳೆಯ ಪಂದ್ಯ’ ಎನ್ನುತ್ತಿದ್ದರು. ಎದುರಾಳಿಯ ಅಂಗಳದಲ್ಲಿ, ಅವರದೇ ಜನರ ಮುಂದೆ ಹೊಡೆದದ್ದಕ್ಕೇ ಅದು ಅರವತ್ತು ವರ್ಷ ಕಳೆದರೂ ನಮ್ಮ ಬೀದಿಯಲ್ಲಿ ಉಳಿದಿರುವುದು. ಮರುವರ್ಷ ಮಿಲಾನ್ ವಿರುದ್ಧವೂ ಪೆಲೆಯೇ ಕಪ್ ಗೆಲ್ಲಿಸಿಕೊಟ್ಟರು.

ಹಳೆಯ ಸ್ಕೋರ್‌ಕಾರ್ಡ್:

ಕೊನೆಯ ವಾಕ್ಯ ತಿದ್ದಬೇಕು, ಗೌತಮಪುರದವರೇ. 1963ರಲ್ಲಿ ಮಿಲಾನ್‌ನಲ್ಲಿ ನಡೆದ ಮೊದಲ ಪಂದ್ಯದಲ್ಲಿ ಪೆಲೆ ಎರಡು ಗೋಲು ಹೊಡೆದದ್ದು ಹೌದು, ಆದರೆ ತಂಡ 2–4 ಸೋತಿತು. ಮರಕಾನಾದ ಎರಡೂ ಪಂದ್ಯಗಳಲ್ಲಿ ಅವರು ಆಡಲೇ ಇಲ್ಲ, ಗಾಯವಾಗಿತ್ತು. ನವೆಂಬರ್ 14ರಂದು ಅರ್ಧಸಮಯಕ್ಕೆ ಮಿಲಾನ್ 2–0 ಮುಂದಿತ್ತು. ಆಮೇಲೆ ಪೆಪೆ, ಅಲ್ಮೀರ್, ಲೀಮಾ ಸೇರಿ ನಾಲ್ಕು ಹೊಡೆದರು. ಎರಡು ದಿನದ ನಂತರ ಅದೇ ಮೈದಾನದಲ್ಲಿ ಡಾಲ್ಮೊ ಪೆನಾಲ್ಟಿ ಗೋಲು, 1–0.

ನನಗೆ ಅದು ಲಿಸ್ಬನ್ ಕಥೆಗಿಂತ ದೊಡ್ಡದು. ಪೆಲೆಯಿಲ್ಲದ ಸಾಂಟೋಸ್, ಹಿಂದೆ ಬಿದ್ದಿದ್ದ ಸಾಂಟೋಸ್, ಗೆದ್ದಿತು.

ಗೌತಮಪುರದವ:

ಹೌದೇ! ಹಾಗಾದರೆ ಹಿರಿಯರು ನನಗೆ ಒಂದು ಸುಳ್ಳು ಹೇಳಿದ್ದಾರೆ. ಡಾಲ್ಮೊ ಅವರದ್ದೊಂದು ಸಣ್ಣ ಫಲಕವನ್ನಾದರೂ ಪಕ್ಕದಲ್ಲಿ ಹಾಕಿಸಬೇಕು.

ಹಳೆಯ ಸ್ಕೋರ್‌ಕಾರ್ಡ್:

ಮಾತು ಬಂದಿದ್ದರಿಂದ ನಿನ್ನೆ ರಾತ್ರಿ ಕುಳಿತು ಎಲ್ಲಾ ಫಲಿತಾಂಶಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆ. 1960ರಿಂದ 1979ರವರೆಗೆ 18 ಆವೃತ್ತಿಗಳು. 1975 ಮತ್ತು 1978ರಲ್ಲಿ ನಡೆಯಲಿಲ್ಲ. 1973ರಲ್ಲಿ ಮಾತ್ರ ರೋಮ್‌ನಲ್ಲಿ ಒಂದೇ ಪಂದ್ಯ. ಉಳಿದ 17ರಲ್ಲೂ ಮನೆ ಮತ್ತು ಹೊರಗೆ. ದಕ್ಷಿಣ ಅಮೆರಿಕದ ನೆಲದಲ್ಲಿ, ಮೂರನೇ ಪಂದ್ಯಗಳೂ ಸೇರಿ, 20 ಸಲ ಆಡಿದ್ದಾರೆ. ಯುರೋಪಿನ ಕ್ಲಬ್ಬುಗಳು ಗೆದ್ದದ್ದು ಎಷ್ಟು ಹೇಳಿ?

ಒಂದೂ ಇಲ್ಲ. 14 ಸೋಲು, 6 ಡ್ರಾ. ರಿಯಲ್ ಮ್ಯಾಡ್ರಿಡ್, ಇಂಟರ್, ಮಿಲಾನ್, ಕ್ರಾಯ್ಫ್ ಇದ್ದ ಅಯಾಕ್ಸ್, ಬೆಕೆನ್‌ಬೌವರ್ ಇದ್ದ ಬಯರ್ನ್, ಯಾರಿಗೂ ಅಲ್ಲಿ ಒಂದು ಗೆಲುವು ಸಿಗಲಿಲ್ಲ. ಅತ್ತಲಿಂದ ಬಂದವರು ಮಾತ್ರ ಯುರೋಪಿನಲ್ಲಿ ಗೆದ್ದು ಹೋಗಿದ್ದಾರೆ: 1962ರಲ್ಲಿ ಲಿಸ್ಬನ್, 1966ರಲ್ಲಿ ಮ್ಯಾಡ್ರಿಡ್‌ನಲ್ಲಿ ಪೆನ್ಯಾರೋಲ್ 2–0, 1977ರ ಆವೃತ್ತಿಯ ಎರಡನೇ ಪಂದ್ಯ ತಡವಾಗಿ 1978ರ ಆಗಸ್ಟ್‌ನಲ್ಲಿ ನಡೆದಾಗ ಕಾರ್ಲ್ಸ್‌ರೂಹೆಯಲ್ಲಿ ಬೋಕಾ 3–0, 1979ರಲ್ಲಿ ಮಾಲ್ಮೊದಲ್ಲಿ ಪರಾಗ್ವೆಯ ಒಲಿಂಪಿಯಾ 1–0. ರೋಮ್‌ನ ಆ ಒಂಟಿ ಪಂದ್ಯದಲ್ಲೂ ಬೊಚೀನಿ ಗೋಲಿನಿಂದ ಇಂಡಿಪೆಂಡಿಯೆಂಟೆಯೇ ಯುವೆಂಟಸ್ಸನ್ನು ಸೋಲಿಸಿತು.

ಬಲಪಾರ್ಶ್ವ:

ಈ ಅಂಕಿ ನನ್ನ ವಾದವನ್ನೇ ಗಟ್ಟಿ ಮಾಡುತ್ತದಲ್ಲ! 20ರಲ್ಲಿ ಸೊನ್ನೆ ಎಂದರೆ ಅಲ್ಲಿ ಆಟಕ್ಕಿಂತ ಬೇರೇನೋ ನಡೆಯುತ್ತಿತ್ತು ಎಂದರ್ಥ.

ಮೂರನೇ ಪಂದ್ಯ:

ಹಾಗಿದ್ದರೆ ಟೋಕಿಯೊಗೆ ಹೋದ ಮೇಲೆ ದಕ್ಷಿಣ ಅಮೆರಿಕದವರು ಸೋಲಲು ಶುರು ಮಾಡಬೇಕಿತ್ತು. ಆದದ್ದೇನು? ಮೊದಲ ಐದು ವರ್ಷವೂ ಅವರೇ ಗೆದ್ದರು. ನಾಸಿಯೊನಾಲ್, ಫ್ಲಮೆಂಗೊ, ಪೆನ್ಯಾರೋಲ್, ಗ್ರೆಮಿಯೊ, ಇಂಡಿಪೆಂಡಿಯೆಂಟೆ. 1981ರಲ್ಲಿ ಜೀಕೊ ಅವರ ಫ್ಲಮೆಂಗೊ ಲಿವರ್‌ಪೂಲನ್ನು 3–0ರಿಂದ ಮಣಿಸಿದಾಗ ಅಲ್ಲಿ ಕಲ್ಲೆಸೆಯುವವರು ಯಾರೂ ಇರಲಿಲ್ಲ. ಆ ಕಾಲದಲ್ಲಿ ಅವರ ಆಟವೇ ಮೇಲಿತ್ತು. ಒಳ್ಳೆಯ ಆಟಗಾರರು ಇನ್ನೂ ಊರು ಬಿಟ್ಟಿರಲಿಲ್ಲ.

ಸಿಟ್ಟಿಗೂ ಒಂದು ಮೂಲವಿದೆ. 1966ರ ವಿಶ್ವಕಪ್ ಕ್ವಾರ್ಟರ್‌ಫೈನಲ್‌ನಲ್ಲಿ, ವೆಂಬ್ಲಿಯಲ್ಲಿ, ಅರ್ಜೆಂಟೀನದ ನಾಯಕ ರಟ್ಟಿನ್ ಅವರನ್ನು ಹೊರಗೆ ಕಳುಹಿಸಿದರು. ಪಂದ್ಯದ ನಂತರ ಇಂಗ್ಲೆಂಡಿನ ತರಬೇತುದಾರ ರಾಮ್ಸಿ ಆ ತಂಡವನ್ನು ಪ್ರಾಣಿಗಳಿಗೆ ಹೋಲಿಸಿದರು. ಮರುವರ್ಷವೇ ಬಂದ ಬ್ರಿಟಿಷ್ ಕ್ಲಬ್ಬು ಸೆಲ್ಟಿಕ್, ಅದರ ಮುಂದಿನ ವರ್ಷ ಮ್ಯಾಂಚೆಸ್ಟರ್ ಯುನೈಟೆಡ್. ಸ್ಕಾಟ್ಲೆಂಡ್ ಬೇರೆ, ಇಂಗ್ಲೆಂಡ್ ಬೇರೆ ಎಂದು ಅವೆಲ್ಯಾನೆಡಾದ ಗ್ಯಾಲರಿಗೆ ಯಾರು ಬಿಡಿಸಿ ಹೇಳಬೇಕು? ಅತ್ತೆಯ ಮೇಲಿನ ಸಿಟ್ಟು ಕೊತ್ತಿಯ ಮೇಲೆ.

ಗ್ಲಾಸ್ಗೋ ಮಳೆ:

ಸೆಲ್ಟಿಕ್‌ನವರನ್ನು ಇಂಗ್ಲಿಷರೆಂದು ತಿಳಿದು ಹೊಡೆದರು ಎನ್ನುವುದನ್ನು ಕೆಳಗಿನ ಅಜ್ಜನಿಗೆ ಹೇಳಲಾರೆ. ಕಲ್ಲೇಟಿಗಿಂತ ಅದೇ ಅವರಿಗೆ ಹೆಚ್ಚು ನೋವು ಕೊಟ್ಟೀತು.

ಕುಟುಕು:

ಎಪ್ಪತ್ತರ ದಶಕವನ್ನು ಯಾರೂ ಮುಟ್ಟಿಲ್ಲ. ನಾನು ಮುಟ್ಟಿ ಕೈ ತೊಳೆದುಕೊಳ್ಳುತ್ತೇನೆ.

1970: ಫೆಯೆನೂರ್ಡ್‌ನ ಯೋಪ್ ವಾನ್ ಡಾಲೆ ಕನ್ನಡಕ ಹಾಕಿಕೊಂಡು ಆಡುತ್ತಿದ್ದರು. ರಾಟರ್‌ಡ್ಯಾಮ್‌ನಲ್ಲಿ ಗೆಲುವಿನ ಗೋಲು ಹೊಡೆದರು. ಎಸ್ಟುಡಿಯಾಂಟೆಸ್‌ನವರು ಕನ್ನಡಕ ಕಿತ್ತುಕೊಂಡು ಮುರಿದರು. ಗೋಲನ್ನು ಮುರಿಯಲಾಗಲಿಲ್ಲ.

1971: ಯುರೋಪಿನ ಚಾಂಪಿಯನ್ ಅಯಾಕ್ಸ್ ಬರುವುದಿಲ್ಲ ಎಂದಿತು. ಬದಲಿಗೆ ಪಾನಾಥಿನೈಕೊಸ್. 1973: ಅಯಾಕ್ಸ್ ಮತ್ತೆ ಬರುವುದಿಲ್ಲ. 1974: ಬಯರ್ನ್ ಬರುವುದಿಲ್ಲ. ಅದಕ್ಕೆ ಯುರೋಪಿನ ಫೈನಲ್‌ನಲ್ಲಿ ಬಯರ್ನ್ ಎದುರು ಸೋತಿದ್ದ ಅಟ್ಲೆಟಿಕೊ ಮ್ಯಾಡ್ರಿಡ್ ಹೋಯಿತು, ಕಪ್ಪನ್ನೂ ಗೆದ್ದಿತು! ಯುರೋಪನ್ನು ಗೆಲ್ಲದೆ ಜಗತ್ತನ್ನು ಗೆದ್ದ ಒಂದೇ ಕ್ಲಬ್ಬು. 1975: ಬಯರ್ನ್ ಮತ್ತು ಇಂಡಿಪೆಂಡಿಯೆಂಟೆಗೆ ದಿನಾಂಕ ಹೊಂದಲಿಲ್ಲ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. 1977: ಲಿವರ್‌ಪೂಲ್ ಬರುವುದಿಲ್ಲ. 1979: ನಾಟಿಂಗ್‌ಹ್ಯಾಮ್ ಫಾರೆಸ್ಟ್ ಬರುವುದಿಲ್ಲ, ಮಾಲ್ಮೊ ಹೋಯಿತು. ಮಾಲ್ಮೊದ ತವರಿನ ಪಂದ್ಯಕ್ಕೆ ಐದು ಸಾವಿರ ಜನರೂ ಸೇರಲಿಲ್ಲ. ಎರಡನೆಯದು ನಡೆದದ್ದು ಮರುವರ್ಷದ ಮಾರ್ಚ್‌ನಲ್ಲಿ.

ಎರಡು ಊರುಗಳ ಫೈನಲ್ ಬೇಕೆನ್ನುವವರು ಈ ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಳ್ಳಿ. ಅದನ್ನು ಟೋಕಿಯೊದವರು ಬಂದು ಕೊಲ್ಲಲಿಲ್ಲ. ಅಷ್ಟರಲ್ಲಿ ಅದು ಸತ್ತಿತ್ತು, ಟೊಯೊಟಾ ಕಂಪನಿ ದುಡ್ಡು ಕೊಟ್ಟು ಎಬ್ಬಿಸಿತು.

ಕಂಠೀರವ ಗ್ಯಾಲರಿ:

ಬಹಳ ಹೊತ್ತಿನಿಂದ ಓದುತ್ತಿದ್ದೇನೆ. ನಾನು ದೊಡ್ಡ ಇತಿಹಾಸ ಬಲ್ಲವನಲ್ಲ, 2016ರ ಮಾತಷ್ಟೇ ಹೇಳಬಲ್ಲೆ.

ಎಎಫ್‌ಸಿ ಕಪ್ ಆಗ ಏಷ್ಯಾದ ಎರಡನೇ ದರ್ಜೆಯ ಟೂರ್ನಿಯಾಗಿತ್ತು, ಖಂಡದ ಚಾಂಪಿಯನ್ ಎನಿಸಿಕೊಳ್ಳುವ ಟೂರ್ನಿಯಾಗಿರಲಿಲ್ಲ ಎಂದು ನನಗೂ ಗೊತ್ತು, ಯಾರೂ ತಿದ್ದಬೇಡಿ. ಸೆಮಿಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿಗೆ ಎದುರಾದದ್ದು ಹಿಂದಿನ ವರ್ಷದ ವಿಜೇತ, ಮಲೇಷ್ಯಾದ ಜೋಹರ್ ದಾರುಲ್ ತಾಜಿಮ್. ಅಲ್ಲಿ 1–1. ಅಕ್ಟೋಬರ್ 19ರಂದು ಕಂಠೀರವದಲ್ಲಿ ಎರಡನೆಯದು. ಮೂರು ವಾರ ಊರಿನಲ್ಲಿ ಅದೇ ಮಾತು. ಕಚೇರಿಯಲ್ಲಿ ಅರ್ಧ ದಿನ ರಜೆ ಕೇಳಿದೆ, ಕೊಡಲಿಲ್ಲ, ಹೊಟ್ಟೆನೋವು ಬಂತು. ಜೋಹರ್ ಮೊದಲು ಗೋಲು ಹೊಡೆದಾಗ ಹೊಟ್ಟೆನೋವು ನಿಜವಾಯಿತು. ಆಮೇಲೆ ಚೆಟ್ರಿ ಒಂದು, ಚೆಟ್ರಿ ಇನ್ನೊಂದು, ಹುವಾನನ್ ಮೂರನೆಯದು. 3–1. ಭಾರತದ ಕ್ಲಬ್ಬೊಂದು ಆ ಫೈನಲ್ ತಲುಪಿದ್ದು ಅದೇ ಮೊದಲು. ಪಕ್ಕದಲ್ಲಿದ್ದ ಅಪರಿಚಿತರೊಬ್ಬರು ನನ್ನನ್ನು ಎತ್ತಿ ಕೆಳಗಿಳಿಸಲು ಮರೆತರು.

ಫೈನಲ್ ನವೆಂಬರ್ 5ರಂದು ದೋಹಾದಲ್ಲಿ, ಒಂದೇ ಪಂದ್ಯ. ಎದುರಾಳಿ ಇರಾಕಿನ ಏರ್ ಫೋರ್ಸ್ ಕ್ಲಬ್. 0–1. ಅಷ್ಟೇ, ಮುಗಿಯಿತು. ಗೆದ್ದವರು ಚೆನ್ನಾಗಿ ಆಡಿದರು, ಅದರಲ್ಲಿ ತಕರಾರಿಲ್ಲ. ಇರಾಕಿನ ಕ್ಲಬ್ಬುಗಳು ಆಗ ತಮ್ಮ ದೇಶದಲ್ಲೇ ಆಡುವಂತಿರಲಿಲ್ಲ, ಅವರ ಪಾಡು ನಮ್ಮದಕ್ಕಿಂತ ಕಷ್ಟದ್ದು. ಆದರೂ ಹೇಳುತ್ತೇನೆ, 0–1 ಎನ್ನುವುದು ಇನ್ನೊಂದು ಪಂದ್ಯ ಉಳಿದಿರುವವನಿಗೆ ಸೋಲೇ ಅಲ್ಲ. ಅದು ಹದಿನೈದು ದಿನದ ಕಾಯುವಿಕೆ. ನಮಗೆ ಆ ಹದಿನೈದು ದಿನ ಸಿಗಲಿಲ್ಲ.

ಗೌತಮಪುರದವ:

ಹೊಟ್ಟೆನೋವು ನನಗೂ ಬಂದಿತ್ತು, ಸ್ವಾಮಿ. ಅಂದು ಬಹಳ ಜನರಿಗೆ ಬಂದಿತ್ತು.

ಬಲಪಾರ್ಶ್ವ:

ಗ್ಯಾಲರಿಯವರ ಮಾತು ಮನಸ್ಸಿಗೆ ತಟ್ಟಿತು. ಆದರೆ ಎರಡು ಪಂದ್ಯಗಳ ಫೈನಲ್ ಇಂದಿನ ಕಾಲಕ್ಕೆ ಹೊಂದುವುದಿಲ್ಲ ಎನ್ನುವುದಕ್ಕೆ ದಕ್ಷಿಣ ಅಮೆರಿಕದ ಕ್ಲಬ್ ಟೂರ್ನಿಯಾದ ಕೋಪಾ ಲಿಬರ್ಟಡೋರೆಸ್‌ನ 2018ರ ಫೈನಲ್ ಸಾಕು. ಬೋಕಾ ಮತ್ತು ರಿವರ್ ಪ್ಲೇಟ್, ಒಂದೇ ಊರಿನ ಎರಡು ಕ್ಲಬ್ಬುಗಳು. ಬೋಕಾ ಮೈದಾನ ಬೊಂಬೊನೆರಾದಲ್ಲಿ 2–2. ಎರಡನೆಯದಕ್ಕೆ ರಿವರ್ ಮೈದಾನಕ್ಕೆ ಹೋಗುತ್ತಿದ್ದ ಬೋಕಾ ಬಸ್ಸಿನ ಮೇಲೆ ದಾಳಿಯಾಯಿತು, ಆಟಗಾರರಿಗೆ ಗಾಯವಾಯಿತು. ಮುಂದೂಡಿದರು, ಮತ್ತೆ ಮುಂದೂಡಿದರು, ಕೊನೆಗೆ ಡಿಸೆಂಬರ್ 9ರಂದು ಮ್ಯಾಡ್ರಿಡ್‌ನಲ್ಲಿ ಆಡಿಸಿದರು. ಒಂದೇ ಊರಿನವರು ಫೈನಲ್ ಆಡಲು ಸಾಗರ ದಾಟಿದರು. ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೂ ಅಲ್ಲ ಇದು, ಮೈಲಾರದವರು ಮೈಲಾರಕ್ಕೆ ಹೋಗಲು ಕೊಂಕಣದಲ್ಲೇ ಉಳಿದುಕೊಂಡ ಹಾಗೆ. ಮರುವರ್ಷದಿಂದ ಒಂದೇ ಪಂದ್ಯ.

ಮೂರನೇ ಪಂದ್ಯ:

ಬಸ್ಸಿಗೆ ಕಲ್ಲು ಹೊಡೆಯುವವನಿಗೆ ಫೈನಲ್ ಒಂದೋ ಎರಡೋ ಎಂಬ ಲೆಕ್ಕವಿಲ್ಲ. ಅದು ಪೊಲೀಸರ ಸೋಲು, ನಿಯಮದ್ದಲ್ಲ.

ನೀವು ದಕ್ಷಿಣ ಅಮೆರಿಕವನ್ನು ತೋರಿಸಿದಿರಿ, ನಾನು ಆಫ್ರಿಕಾವನ್ನು ತೋರಿಸುತ್ತೇನೆ. ಅಲ್ಲಿಯ ಚಾಂಪಿಯನ್ಸ್ ಲೀಗ್ ಫೈನಲನ್ನು 2020ರಿಂದ ಒಂದೇ ಪಂದ್ಯ ಮಾಡಿದರು. 2022ರ ಫೈನಲ್ ಕಾಸಾಬ್ಲಾಂಕಾದಲ್ಲಿ. ಫೈನಲ್ ತಲುಪಿದವರು ಈಜಿಪ್ಟಿನ ಅಲ್ ಅಹ್ಲಿ ಮತ್ತು ಮೊರಾಕ್ಕೊದ ವಿದಾದ್. ವಿದಾದ್‌ನ ತವರು ಯಾವುದು? ಕಾಸಾಬ್ಲಾಂಕಾ, ಅದೇ ಕ್ರೀಡಾಂಗಣ! ಅಲ್ ಅಹ್ಲಿ ಎಷ್ಟು ಕೂಗಿದರೂ ಕೇಳಲಿಲ್ಲ, ವಿದಾದ್ 2–0ರಿಂದ ಗೆದ್ದಿತು. 2023ರಲ್ಲಿ ಮತ್ತೆ ಎರಡು ಪಂದ್ಯಕ್ಕೆ ಮರಳಿದರು. ಅದೇ ಎರಡು ತಂಡಗಳು ಮತ್ತೆ ಎದುರಾದವು. ಕೈರೊದಲ್ಲಿ ಅಲ್ ಅಹ್ಲಿ 2–1, ಕಾಸಾಬ್ಲಾಂಕಾದಲ್ಲಿ 1–1. ಕಪ್ ಅಲ್ ಅಹ್ಲಿಗೆ. ಎರಡೂ ಮನೆಗಳಲ್ಲಿ ಆಡಿದ ಮೇಲೆ ತಕರಾರಿಗೆ ಜಾಗವೇ ಇರಲಿಲ್ಲ.

ಏಷ್ಯಾದಲ್ಲೂ 2024ರ ಫೈನಲ್ ಎರಡು ಪಂದ್ಯಗಳದ್ದೇ. ಯೊಕೊಹಾಮಾದಲ್ಲಿ ಮರಿನೋಸ್ 2–1, ಹದಿನಾಲ್ಕು ದಿನ ಬಿಟ್ಟು ಯುಎಇಯ ಅಲ್ ಐನ್ ತನ್ನ ಮನೆಯಲ್ಲಿ 5–1. ಮೊದಲ ರಾತ್ರಿಯಲ್ಲೇ ನಿಲ್ಲಿಸಿದ್ದರೆ ಜಪಾನಿನವರು ಚಾಂಪಿಯನ್.

ಬಲಪಾರ್ಶ್ವ:

ಕಾಸಾಬ್ಲಾಂಕಾ ವಿಷಯದಲ್ಲಿ ನೀವು ಗೆದ್ದಿರಿ. ಆದರೆ ಅದು ಅಂಗಳವನ್ನು ತಪ್ಪಾಗಿ ಆರಿಸಿದ್ದಕ್ಕೆ ಸಿಕ್ಕ ಫಲ. ನಿಜವಾದ ತಟಸ್ಥ ಊರನ್ನು ಮೊದಲೇ ಆರಿಸಿದರೆ ಒಂದು ಪಂದ್ಯವೇ ನ್ಯಾಯ. ಇನ್ನೂ ಹೇಳಬೇಕೆಂದರೆ, ಈಗಿನ ಯುರೋಪಿನ ಆಟಗಾರ ವರ್ಷಕ್ಕೆ ಆಡುವ ಪಂದ್ಯಗಳೇ ಜಾಸ್ತಿಯಾಗಿವೆ. ಡಿಸೆಂಬರ್ ನಡುವೆ ಎರಡು ಸಲ ಸಾಗರ ದಾಟಿ ಎಂದರೆ ಕುಟುಕು ಅವರ ಪಟ್ಟಿಗೆ ಇನ್ನಷ್ಟು ‘ಬರುವುದಿಲ್ಲ’ಗಳು ಸೇರುತ್ತವೆ.

ಹಳೆಯ ಸ್ಕೋರ್‌ಕಾರ್ಡ್:

ಈ ಮಾತಿಗೆ ನನ್ನಲ್ಲಿ ಉತ್ತರವಿಲ್ಲ, ಒಪ್ಪುತ್ತೇನೆ. ಬರುವುದಿಲ್ಲ ಎನ್ನುವವರನ್ನು ಎಳೆತರಲಾಗದು.

ಒಂದು ವಿಷಯ ಮಾತ್ರ ನೆನಪಿಸಬೇಕು. ಈ ಹಳೆಯ ಕಪ್ಪನ್ನು ಗೆದ್ದವರು ವಿಶ್ವ ಚಾಂಪಿಯನ್ನರೋ ಅಲ್ಲವೋ ಎಂಬ ಜಗಳಕ್ಕೆ ಫಿಫಾ ಕೊನೆಗೊಮ್ಮೆ ತೆರೆ ಎಳೆದದ್ದು 2017ರ ಅಕ್ಟೋಬರ್‌ನಲ್ಲಿ. 1960ರಿಂದ 2004ರವರೆಗಿನ ಎಲ್ಲ ವಿಜೇತರೂ ವಿಶ್ವ ಚಾಂಪಿಯನ್ನರೇ ಎಂದು ಫಿಫಾ ಕೌನ್ಸಿಲ್ ಒಪ್ಪಿತು. ಆ ಸಭೆ ನಡೆದದ್ದು ಎಲ್ಲಿ ಗೊತ್ತೇ? ನಮ್ಮ ಕೋಲ್ಕತ್ತದಲ್ಲಿ, 17 ವರ್ಷದೊಳಗಿನವರ ವಿಶ್ವಕಪ್ ಹೊತ್ತಿನಲ್ಲಿ. ಕಾರ್ದೆನಾಸ್ ಗೋಲಿಗೆ ಅಧಿಕೃತ ಮುದ್ರೆ ಬೀಳಲು ಐವತ್ತು ವರ್ಷ ಬೇಕಾಯಿತು.

ಒಟ್ಟು ಲೆಕ್ಕ ದಕ್ಷಿಣ ಅಮೆರಿಕ 22, ಯುರೋಪ್ 21.

ಕುಟುಕು:

ಅಂದರೆ 43 ಸಲ ಆಡಿ ಒಂದೇ ಕಪ್ಪಿನ ವ್ಯತ್ಯಾಸ. ಇಷ್ಟಕ್ಕೆ ಅಷ್ಟೆಲ್ಲ ಒದ್ದಾಡಿದರೇ?

ಕಂಠೀರವ ಗ್ಯಾಲರಿ:

ಗ್ಲಾಸ್ಗೋ ಮಳೆಯವರೇ, ಒಂದು ಕೋರಿಕೆ. ನಿಮ್ಮ ಅಜ್ಜನನ್ನೇ ಕೇಳಿ ನೋಡಿ. ಅಷ್ಟೆಲ್ಲ ಆದ ಮೇಲೂ ಎರಡು ಊರುಗಳ ಫೈನಲ್ ಬೇಕೆನ್ನುತ್ತಾರೋ, ಬೇಡವೆನ್ನುತ್ತಾರೋ? ನಾವು ಓದಿ ಮಾತಾಡುವವರು, ಅವರು ಕಂಡವರು.

ಗ್ಲಾಸ್ಗೋ ಮಳೆ:

ಇಂದು ಸಂಜೆ ಕೇಳಿದೆ. ಪ್ರಶ್ನೆ ಪೂರ್ತಿಯಾಗಲು ಬಿಡಲಿಲ್ಲ. ಹ್ಯಾಂಪ್ಡನ್‌ನಲ್ಲಿ ಆ ಕಾರ್ನರ್ ಎಲ್ಲಿಂದ ಬಂತು, ಮೆಕ್‌ನೀಲ್ ಎಲ್ಲಿ ನಿಂತಿದ್ದರು, ತಾನು ಯಾರ ಹೆಗಲ ಮೇಲೆ ಕೈಯಿಟ್ಟು ಎಗರಿದೆ ಎಂದು ಟೀ ಲೋಟ, ಸಕ್ಕರೆ ಡಬ್ಬಿ, ಬಿಸ್ಕತ್ತುಗಳನ್ನು ಮೇಜಿನ ಮೇಲೆ ಜೋಡಿಸಿ ತೋರಿಸಿದರು. ಮೆಕ್‌ನೀಲ್ ಆದದ್ದು ಸಕ್ಕರೆ ಡಬ್ಬಿ. ಆಮೇಲಿನ ಎರಡು ಪಂದ್ಯಗಳ ಬಗ್ಗೆ ಏನನ್ನುತ್ತೀರಿ ಎಂದೆ. ಅವನ್ನು ತಾನು ನೋಡಿಲ್ಲವಾದ್ದರಿಂದ ನಡೆದಿವೆ ಎಂದು ಒಪ್ಪಬೇಕಾಗಿಲ್ಲವಂತೆ. ಅವರ ಲೆಕ್ಕದಲ್ಲಿ ಫಲಿತಾಂಶ ಇನ್ನೂ 1–0.